ಮಳೆಗಾಲದಲ್ಲಿ ಕಾಡಿನ ನೆಲ ನೋಡಿ: ಕಾಡುಶುಂಠಿಯ ನೆಲೆಗಾಗಿ ಒಂದು ಬಹಿರಂಗ ಪತ್ರ

ರಾಜ್ಯದ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಇಲಾಖೆಯ ಅಧಿಕಾರಿಗಳಿಗೆ, ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ಘಟ್ಟದ ಕಾಡಿನಲ್ಲಿ ಒಂದು ಗಣಿಗೋ ರಸ್ತೆಗೋ ವಿದ್ಯುತ್ ಮಾರ್ಗಕ್ಕೋ ಜಾಗ ಕೊಡುವ ಮೊದಲು ಅಲ್ಲಿ ಏನೇನು ಬೆಳೆದಿದೆ ಅಂತ ಪಟ್ಟಿ ಮಾಡಿಸುತ್ತೀರಿ. ಆ ಪಟ್ಟಿ ಬೇಸಿಗೆಯಲ್ಲಿ ತಯಾರಾದರೆ ಅದರಲ್ಲಿ ಕಾಡುಶುಂಠಿ ಇರುವುದಿಲ್ಲ. ಆಗ ಅದು ಮಣ್ಣಿನೊಳಗೆ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಗಿಡವನ್ನು ಉಳಿಸಿ ಅಂತ ಯಾರೂ ಕೇಳುವುದಿಲ್ಲ, ಉಳಿಸುವ ಹೊಣೆಯೂ ಯಾರಿಗೂ ಬರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಇದೊಂದೇ ವಿಷಯಕ್ಕೆ.

ನಾನು ಮಲೆನಾಡಿನವನು. ಶುಂಠಿ ಬೆಳೆಯುತ್ತೇನೆ. ಹೊಲದ ಶುಂಠಿಯನ್ನು ನೋಡಿಕೊಂಡೇ ಕಾಡಿನ ಶುಂಠಿಯ ಕಡೆಗೆ ಗಮನ ಹೋಯಿತು. ಒಮ್ಮೆ ಗುರುತು ಹಿಡಿದ ಮೇಲೆ ಮಳೆಗಾಲದಲ್ಲಿ ಹಳ್ಳದ ಬದಿಗೆ ಹೋದಾಗಲೆಲ್ಲ ಕಣ್ಣು ಅದನ್ನೇ ಹುಡುಕುತ್ತದೆ.

ನಮ್ಮ ಘಟ್ಟದಲ್ಲಿ ಕಾಡುಶುಂಠಿ ಅಂತ ಜನ ಕರೆಯುವುದು ಒಂದೇ ಗಿಡವನ್ನಲ್ಲ. ಅಗಲಶುಂಠಿ ಎಂದು ಕೆಲವರು ಕರೆಯುವ ಜಿಂಜಿಬರ್ ಜೆರುಂಬೆಟ್ ಇದೆ. ಅದು ಭಾರತದ ಆಚೆಗೂ ಏಷ್ಯಾದ ಬಹಳ ಕಡೆ ಸಿಗುತ್ತದೆ. ಕಾಂಡ ಬಿಲ್ಲಿನಂತೆ ಬಾಗುವ ಜಿಂಜಿಬರ್ ಸರ್ನುಅಮ್ ಇದೆ. ನಾನು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಜಿಂಜಿಬರ್ ನೀಸಾನಮ್ ಎಂಬ ಗಿಡದ ಬಗ್ಗೆ. ಇದು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಸಸ್ಯಶಾಸ್ತ್ರದವರು 1839ರಲ್ಲೇ ಇದನ್ನು ಬೇರೊಂದು ಹೆಸರಿನಲ್ಲಿ ದಾಖಲಿಸಿದ್ದರು. ಈಗ ಬಳಕೆಯಲ್ಲಿರುವ ಹೆಸರು ಬಂದದ್ದು 1976ರಲ್ಲಿ, ನಮ್ಮ ಹಾಸನ ಜಿಲ್ಲೆಯ ಸಸ್ಯಗಳ ಅಧ್ಯಯನದಲ್ಲಿ. ಅಂದರೆ ಇದು ಯಾರೂ ಕಾಣದ ಗಿಡವೇನಲ್ಲ. ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ, ಕರ್ನಾಟಕದ ನೆಲದೊಂದಿಗೆ ಹೆಸರು ಕೂಡಿರುವ ಗಿಡ.

ಇದರ ವರ್ಷ ಹೇಗೆ ಸಾಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಮನವಿಯೆಲ್ಲ ಅದರ ಮೇಲೆಯೇ ನಿಂತಿದೆ.

ಜನವರಿಯಿಂದ ಏಪ್ರಿಲ್‌ವರೆಗೆ ನೆಲದ ಮೇಲೆ ಏನೂ ಇರುವುದಿಲ್ಲ. ಬರೀ ದರಗು, ಅಂದರೆ ಉದುರಿ ಒಣಗಿದ ಎಲೆ. ಅದರಡಿಯ ಕಪ್ಪು ಮಣ್ಣಿನಲ್ಲಿ, ಹೆಚ್ಚು ಆಳಕ್ಕೆ ಹೋಗದೆ, ಗೆಡ್ಡೆ ಮಲಗಿರುತ್ತದೆ. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಮೊಳಕೆ ಏಳುತ್ತದೆ. ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಎಲೆಕಾಂಡ ಎದ್ದು ನಿಂತಿರುತ್ತದೆ. ಆಗಲೂ ನಡೆದುಹೋಗುವವರು ಇದನ್ನು ಏಲಕ್ಕಿಯೋ ಇನ್ನೇನೋ ಹಸಿರು ಗಿಡವೋ ಅಂದುಕೊಂಡು ದಾಟಿಬಿಡುತ್ತಾರೆ. ಆಶ್ಲೇಷ, ಮಘಾ ಮಳೆಯ ಹೊತ್ತಿಗೆ ಹೂ ಬರುತ್ತದೆ. ಹೂ ಕಾಣಬೇಕು ಅಂದರೆ ಬಗ್ಗಬೇಕು. ಯಾಕೆಂದರೆ ಅದು ಎಲೆಕಾಂಡದ ತುದಿಯಲ್ಲಿ ಅರಳುವುದಿಲ್ಲ. ಗೆಡ್ಡೆಯಿಂದಲೇ ಬೇರೆಯಾಗಿ ಒಂದು ಗಿಡ್ಡ ತೆನೆ ಏಳುತ್ತದೆ. ಆ ತೆನೆ ನೆಲಕ್ಕೆ ಅಂಟಿಕೊಂಡಂತೆ, ಕೊಳೆತ ಎಲೆಗಳ ನಡುವೆ ಇರುತ್ತದೆ. ಅದರಿಂದ ಮಸುಕು ಹಳದಿಯ ಹೂಗಳು ಒಂದಾದ ಮೇಲೊಂದು ಹೊರಬರುತ್ತವೆ. ಹೂವಿನ ತುಟಿಯ ಮೇಲೆ ಕೆನ್ನೇರಳೆ ಮಚ್ಚೆ. ಒಂದೊಂದು ಹೂವಿನ ಆಯಸ್ಸು ಬಹಳ ಚಿಕ್ಕದು, ಅರಳಿದ್ದು ಬೇಗನೆ ಬಾಡಿಹೋಗುತ್ತದೆ. ಮಳೆ ಹಿಂದೆ ಸರಿಯುವಾಗ ಕಾಯಿ ಒಡೆಯುತ್ತದೆ. ಒಳಗಿನ ಗೋಡೆ ಕಡುಗೆಂಪು, ಬೀಜ ಕಪ್ಪು, ಬೀಜದ ಸುತ್ತ ಬಿಳಿ ತಿರುಳು. ಕತ್ತಲೆಯ ಆ ನೆಲದಲ್ಲಿ ಈ ಮೂರು ಬಣ್ಣ ಒಟ್ಟಿಗೆ ಕಂಡರೆ ನಿಂತು ನೋಡದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಚಳಿ ಶುರುವಾದ ಮೇಲೆ ಎಲೆ ಹಳದಿಯಾಗುತ್ತದೆ, ಕಾಂಡ ಬೀಳುತ್ತದೆ, ದರಗಿನಲ್ಲಿ ಬೆರೆತುಹೋಗುತ್ತದೆ. ಮತ್ತೆ ಮುಂದಿನ ಮಳೆಯವರೆಗೆ ಗಿಡ ಇಲ್ಲವೇ ಇಲ್ಲ ಅನ್ನುವಂತಿರುತ್ತದೆ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ಗಣಿ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಹೇಗಿರಬೇಕು ಅಂತ ಹೇಳುವ ಕೇಂದ್ರದ ಮಾದರಿ ನಿಬಂಧನೆಗಳಿವೆ. ಎಲ್ಲರೂ ಟಿಒಆರ್ ಅನ್ನುತ್ತಾರೆ. ಅದರಲ್ಲಿ ಒಂದು ಋತುವಿನ ಮಾಹಿತಿ ಸಾಕು ಅಂತಿದೆ. ಅದೂ ಮಳೆಗಾಲ ಬಿಟ್ಟು. ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರವರಿ. ಗಾಳಿ, ನೀರು, ಸದ್ದು, ಮಣ್ಣು, ಗಿಡ, ಪ್ರಾಣಿ ಎಲ್ಲಕ್ಕೂ ಇದೇ ಒಂದು ವಾಕ್ಯ.

ಗಾಳಿಯಲ್ಲಿನ ಧೂಳು ಅಳೆಯಲು ಮಳೆಗಾಲ ಬೇಡ ಅನ್ನುವುದು ಸರಿಯಾದ ಮಾತು. ಮಳೆ ಧೂಳನ್ನು ತೊಳೆದುಬಿಡುತ್ತದೆ, ಅಳತೆ ತಪ್ಪುತ್ತದೆ. ಆದರೆ ಧೂಳಿಗೆ ಹೊಂದುವ ನಿಯಮ ಗಿಡಕ್ಕೆ ಹೊಂದುವುದಿಲ್ಲ. ಘಟ್ಟದ ನೆಲದ ಗಿಡಗಳ ಪಾಲಿಗೆ ಮಳೆಗಾಲವೇ ಬದುಕುವ ಕಾಲ. ಶುಂಠಿಯ ಬಳಗ ಮಾತ್ರ ಅಲ್ಲ, ಕಾಡು ಅರಿಶಿನದ ಬಳಗ, ಸುವರ್ಣಗೆಡ್ಡೆಯ ಕಾಡು ಬಂಧುಗಳು, ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳು, ಬಂಡೆಯ ಮೇಲಿನ ಪುಟ್ಟ ಗಿಡಗಳು, ಇವೆಲ್ಲ ಆ ಕೆಲವೇ ತಿಂಗಳಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಮಾಡಿ ಮುಗಿಸುತ್ತವೆ. ಆ ತಿಂಗಳುಗಳನ್ನೇ ಬಿಟ್ಟು ಗಿಡದ ಲೆಕ್ಕ ಮಾಡಿ ಅಂದರೆ ಏನು ಅರ್ಥ? ಅಕ್ಟೋಬರ್ ಶುರುವಿನಲ್ಲಿ ಬಂದರೆ ಅಷ್ಟೋ ಇಷ್ಟೋ ಸಿಕ್ಕೀತು. ಮಾರ್ಚ್‌ನಲ್ಲಿ ಬಂದು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಾಕಿ ಕೂತರೆ ಒಣಗಿದ ಎಲೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಸರ್ವೆಗೆ ಬಂದವರು ಸುಳ್ಳು ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅವರು ಕಂಡದ್ದನ್ನೇ ಬರೆಯುತ್ತಾರೆ. ಕಾಣದ ಕಾಲದಲ್ಲಿ ಕಳಿಸಿದ್ದು ನಿಯಮ.

ಇದು ಆಗದ ಕೆಲಸ ಅಂತಲೂ ಅಲ್ಲ. ನದಿಗೆ ಅಡ್ಡ ಕಟ್ಟುವ ಜಲವಿದ್ಯುತ್ ಯೋಜನೆಗಳಿಗೆ ಮಳೆಗಾಲದ ಮಾಹಿತಿಯನ್ನೂ ಕೇಳುವ ಪದ್ಧತಿ ಇದೆ. ನದಿಗೆ ಕೇಳಬಹುದಾದರೆ ಕಾಡಿನ ನೆಲಕ್ಕೂ ಕೇಳಬಹುದು, ಅಲ್ವಾ?

ಗಣಿ ಒಂದೇ ಅಲ್ಲ, ಕಾಡಿನ ಬೆಲೆ ಕಟ್ಟುವ ಪ್ರತಿ ಕಡೆಯೂ ಲೆಕ್ಕ ಮೇಲಿನಿಂದಲೇ ಶುರುವಾಗುತ್ತದೆ, ಕೆಳಗಿನವರೆಗೆ ಬರುವುದಿಲ್ಲ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಾಗ ಮರಗಳನ್ನು ಎಣಿಸುತ್ತಾರೆ, ಸುತ್ತಳತೆ ಹಿಡಿಯುತ್ತಾರೆ, ಜಾತಿ ಬರೆಯುತ್ತಾರೆ. ಕಟ್ಟಬೇಕಾದ ಹಣ ನಿಗದಿಯಾಗುವುದು ಕಾಡು ಯಾವ ವರ್ಗದ್ದು, ಮರಗಳ ಹೊದಿಕೆ ಎಷ್ಟು ದಟ್ಟ ಅನ್ನುವುದರ ಮೇಲೆ. ಹೊದಿಕೆ ನೂರಕ್ಕೆ 70 ದಾಟಿದರೆ ಅತಿ ದಟ್ಟ, 40ರಿಂದ 70 ಇದ್ದರೆ ಮಧ್ಯಮ, 10ರಿಂದ 40 ಇದ್ದರೆ ವಿರಳ. ಇದನ್ನು ಉಪಗ್ರಹದ ಚಿತ್ರದಿಂದ ನೋಡುತ್ತಾರೆ. ಒಂದು ಹೆಕ್ಟೇರಿನ ಅಕೇಶಿಯಾ ನೆಡುತೋಪೂ ಈ ಲೆಕ್ಕದಲ್ಲಿ ಅರಣ್ಯ ಹೊದಿಕೆಯೇ. ನೂರಾರು ವರ್ಷದ ಕಾನೂ, ಅಂದರೆ ಮಲೆನಾಡಿನ ಹಳೆಯ ದಟ್ಟ ಕಾಡೂ, ಅರಣ್ಯ ಹೊದಿಕೆಯೇ. ಎರಡರ ಒಳಗೂ ಆಗಸ್ಟ್‌ನಲ್ಲಿ ಕಾಲಿಟ್ಟು ನೋಡಿ. ಅಕೇಶಿಯಾದ ಕೆಳಗೆ ಬೇಗ ಕೊಳೆಯದ ದಪ್ಪ ಎಲೆಗಳ ಹಾಸು, ಅಲ್ಲಲ್ಲಿ ಯುಪಟೋರಿಯಂ ಕಳೆ. ಕಾನಿನ ಕೆಳಗೆ ಹೆಜ್ಜೆಗೊಂದು ಗಿಡ. ಈ ವ್ಯತ್ಯಾಸವನ್ನು ಆಕಾಶದಿಂದ ನೋಡುವ ಯಾವ ಕಣ್ಣೂ ಹಿಡಿಯಲಾರದು. ಮಳೆಯಲ್ಲಿ ನಡೆಯುವ ಮನುಷ್ಯನೇ ಹಿಡಿಯಬೇಕು.

ಕಾಡುಶುಂಠಿಗೆ ಬೇಕಾದ ಜಾಗ ಎಂಥದ್ದು ಅಂತ ನೋಡಿದರೆ ಬದಲಿ ಅರಣ್ಯ ಬೆಳೆಸುವ ಮಾತು ಯಾಕೆ ಸಾಲದು ಅನ್ನುವುದು ಗೊತ್ತಾಗುತ್ತದೆ. ಅದಕ್ಕೆ ನೆರಳು ಬೇಕು, ಆದರೆ ಪೂರ್ತಿ ಕತ್ತಲೆಯಲ್ಲ. ದೊಡ್ಡ ಮರಗಳ ನಡುವೆ ಚದುರಿ ಬೀಳುವ ಬೆಳಕು ಬೇಕು. ಮೇಲ್ಮಣ್ಣು ಸಡಿಲವಾಗಿ, ಕೊಳೆತ ಎಲೆ ತುಂಬಿ, ತೇವ ಹಿಡಿದಿರಬೇಕು, ಆದರೆ ನೀರು ನಿಲ್ಲಬಾರದು. ಅದಕ್ಕೇ ಇಳಿಜಾರಿನಲ್ಲಿ, ಹಳ್ಳದ ದಂಡೆಯಲ್ಲಿ ಜಾಸ್ತಿ ಕಾಣಿಸುತ್ತದೆ. ನಿತ್ಯಹರಿದ್ವರ್ಣ ಕಾಡಿನ ಅಂಚಲ್ಲೂ ಇದೆ, ಅರೆ ಎಲೆಯುದುರುವ ಕಾಡಲ್ಲೂ ಇದೆ. ಮೇಲಿನ ನಾಲ್ಕು ಮರ ಹೋದರೆ ಸಾಕು, ಬಿಸಿಲು ನೇರ ಬಿದ್ದು ಮೇಲ್ಮಣ್ಣು ಒಣಗುತ್ತದೆ. ಲಂಟಾನ, ಯುಪಟೋರಿಯಂ ಒಳಗೆ ಬರುತ್ತವೆ. ಅವು ಬಂದ ಮೇಲೆ ಬೇಸಿಗೆಯಲ್ಲಿ ಬೆಂಕಿಗೂ ದಾರಿಯಾಗುತ್ತದೆ. ಈ ಮೇಲ್ಮಣ್ಣು ಯಾರೋ ತಂದು ಹಾಕಿದ್ದಲ್ಲ. ಎಷ್ಟೋ ತಲೆಮಾರುಗಳ ಎಲೆ ಬಿದ್ದು ಕೊಳೆತು ಆದದ್ದು. ಬೇರೆ ತಾಲ್ಲೂಕಿನ ಬಯಲಿನಲ್ಲಿ ಸಾಲಾಗಿ ಸಸಿ ನೆಟ್ಟರೆ ಮರಗಳ ಸಂಖ್ಯೆ ಸರಿಹೋಗಬಹುದು, ಈ ನೆಲ ಸಿಗುವುದಿಲ್ಲ.

ಗೆಡ್ಡೆ ಕಿತ್ತು ಬೇರೆ ಕಡೆ ನೆಟ್ಟರಾಯಿತಲ್ಲ ಅಂತ ಕೇಳುವವರಿದ್ದಾರೆ. ಗೆಡ್ಡೆ ಬದುಕುತ್ತದೆ ನಿಜ, ಕುಂಡದಲ್ಲೂ ಬದುಕುತ್ತದೆ. ಆದರೆ ಬೀಜ ಆಗಬೇಕಾದರೆ ಆ ನೆಲಮಟ್ಟದ ಹೂವಿಗೆ ಹುಳ ಬರಬೇಕು. ಬಿದ್ದ ಬೀಜವನ್ನು ಯಾರಾದರೂ ಹೊತ್ತು ಬೇರೆಡೆ ಹಾಕಬೇಕು. ಇಂಥ ತಿರುಳಿನ ಬೀಜಗಳಿಗೆ ಸಾಮಾನ್ಯವಾಗಿ ಇರುವೆಗಳೇ ಕೂಲಿಯಾಳುಗಳು. ಮೊಳೆತ ಸಸಿಗೆ ಮೊದಲ ಬೇಸಿಗೆ ದಾಟುವಷ್ಟು ತಂಪು ಬೇಕು. ಗ್ರಾಸ್ ಡೀಮನ್ ಎಂದು ಹೆಸರಿರುವ ಒಂದು ಪುಟ್ಟ ಚಿಟ್ಟೆ ಇದೆ, ಕಂದು ರೆಕ್ಕೆಯ ಮೇಲೆ ಬಿಳಿ ಮಚ್ಚೆ. ಅದರ ಹುಳಗಳು ಬೆಳೆಯುವುದು ಶುಂಠಿ, ಅರಿಶಿನದ ಬಳಗದ ಎಲೆ ತಿಂದು. ಒಂದು ಗೆಡ್ಡೆಯನ್ನು ಸಾಗಿಸಬಹುದು. ಇವನ್ನೆಲ್ಲ ಒಟ್ಟಿಗೆ ಸಾಗಿಸುವ ಲಾರಿ ಇಲ್ಲ.

ಇದು ನಾಳೆಯೇ ಅಳಿದುಹೋಗುವ ಗಿಡ ಅಂತ ಹೇಳಿ ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ಒಳ್ಳೆಯ ಕಾಡು ಇರುವಲ್ಲಿ ಇದು ಇನ್ನೂ ಸಿಗುತ್ತದೆ. ಅಪರೂಪದ್ದು, ಅಳಿವಿನಂಚಿನದ್ದು ಅಂತ ಹಣೆಪಟ್ಟಿ ಬಿದ್ದ ಮೇಲೆಯೇ ಕಣ್ಣು ತೆರೆಯುವ ಅಭ್ಯಾಸ ನಮ್ಮಲ್ಲಿದೆ. ಅದು ನನಗೆ ಸರಿ ಕಾಣುವುದಿಲ್ಲ. ಇನ್ನೂ ಸಾಕಷ್ಟು ಇರುವಾಗ ಅದರ ನೆಲೆಯನ್ನು ಕಾಯುವುದು ಸುಲಭ, ಖರ್ಚೂ ಕಡಿಮೆ. ಪೂರ್ತಿ ಕಳೆದುಕೊಂಡ ಮೇಲೆ ಲ್ಯಾಬಿನಲ್ಲಿ ಬೆಳೆಸಿ ತಂದು ನೆಡುವ ಯೋಜನೆಗಳಿಗೆ ಎಷ್ಟು ದುಡ್ಡು, ಎಷ್ಟು ವರ್ಷ ಬೇಕು ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಶುಂಠಿ ಬೆಳೆಗಾರನಾಗಿ ಇನ್ನೊಂದು ಮಾತು ಹೇಳಲೇಬೇಕು. ನಾವು ಹಾಕುವ ಶುಂಠಿ ಬೀಜ ಕಟ್ಟುವುದಿಲ್ಲ. ಗೆಡ್ಡೆಯ ತುಂಡನ್ನೇ ಬಿತ್ತನೆ ಅನ್ನುತ್ತೇವೆ. ಅದೇ ತುಂಡು, ಅದರ ತುಂಡು, ಮತ್ತೆ ಅದರ ತುಂಡು. ಸಾವಿರಾರು ವರ್ಷಗಳಿಂದ ಮನುಷ್ಯನ ಕೈಯಲ್ಲೇ ಇರುವ ಈ ಬೆಳೆ ಕಾಡಿನಲ್ಲಿ ತಾನಾಗಿ ಬೆಳೆಯುವುದನ್ನು ಯಾರೂ ಖಚಿತವಾಗಿ ಕಂಡಿಲ್ಲ. ಹೀಗಾಗಿ ಅದರೊಳಗೆ ವೈವಿಧ್ಯ ಬಹಳ ಕಡಿಮೆ. ಒಂದು ರೋಗ ಬಂದರೆ ಇಡೀ ಹೊಲಕ್ಕೆ ಬರುತ್ತದೆ. ಕೊಳೆ ರೋಗ ಅಂದರೆ ಶಿವಮೊಗ್ಗ, ಹಾಸನ, ಕೊಡಗಿನ ಯಾವ ಬೆಳೆಗಾರನನ್ನಾದರೂ ಕೇಳಿ, ಮುಖ ನೋಡಿದರೆ ಸಾಕು. ಪಿಥಿಯಂ ಎಂಬ ಸೂಕ್ಷ್ಮಜೀವಿ ಬುಡಕ್ಕೆ ಹತ್ತಿದರೆ ವಾರದೊಳಗೆ ಗಿಡ ಹಳದಿಯಾಗಿ ಮಗುಚುತ್ತದೆ, ಕೈಯಿಟ್ಟು ಎಳೆದರೆ ಕಾಂಡ ಬಂದುಬಿಡುತ್ತದೆ. ಒಮ್ಮೆ ಹಾಕಿದ ನೆಲದಲ್ಲಿ ಮತ್ತೆ ಹಾಕಲು ಹೆದರಿ ಪ್ರತಿ ವರ್ಷ ಹೊಸ ನೆಲ ಗುತ್ತಿಗೆ ಹಿಡಿಯುತ್ತೇವೆ. ಔಷಧಿ ಹೊಡೆಯುತ್ತೇವೆ, ಅದು ಹಳ್ಳಕ್ಕೆ ಇಳಿಯುತ್ತದೆ.

ಕಾಡಿನ ಅಗಲಶುಂಠಿ ಇದೇ ಪಿಥಿಯಂ ಅನ್ನು ತಡೆದುಕೊಳ್ಳುತ್ತದೆ. ಇದು ವಿಜ್ಞಾನಿಗಳು ಪರೀಕ್ಷೆ ಮಾಡಿ ಕಂಡುಕೊಂಡ ವಿಷಯ. ಆ ಶಕ್ತಿ ಅದಕ್ಕೆ ಎಲ್ಲಿಂದ ಬಂತು ಅಂತ ಹುಡುಕುವ ಕೆಲಸ ನಡೆದಿದೆ. ಅದನ್ನು ಬೆಳೆಯ ಶುಂಠಿಗೆ ತರುವುದು ಸುಲಭವಲ್ಲ. ಎರಡೂ ಬೇರೆ ಜಾತಿ, ಬೆಳೆಯ ಶುಂಠಿ ಬೀಜವನ್ನೂ ಕಟ್ಟುವುದಿಲ್ಲ. ಆದರೆ ದಾರಿ ಹುಡುಕಬೇಕಾದರೆ ಕಾಡಿನ ಶುಂಠಿಗಳು ಇರಬೇಕು. ಒಂದೆರಡು ಗೆಡ್ಡೆ ಸಂಶೋಧನಾ ಕೇಂದ್ರದ ಕುಂಡದಲ್ಲಿದ್ದರೆ ಸಾಲದು. ಬೇರೆ ಬೇರೆ ಬೆಟ್ಟಗಳಲ್ಲಿ, ಬೇರೆ ಬೇರೆ ಮಣ್ಣಿನಲ್ಲಿ, ರೋಗದ ಜೊತೆ ದಿನವೂ ಹೋರಾಡುತ್ತಾ ಬೀಜದಿಂದ ಹೊಸ ಹೊಸ ಗಿಡ ಹುಟ್ಟುತ್ತಿರಬೇಕು. ಆ ಕೆಲಸ ನಡೆಯುವುದು ಕಾಡಿನಲ್ಲಿ ಮಾತ್ರ. ನೀಸಾನಮ್‌ನಲ್ಲಿ ಏನಿದೆಯೋ ಅದನ್ನು ಹುಡುಕುವ ಅವಕಾಶವಾದರೂ ಮುಂದಿನವರಿಗೆ ಉಳಿಯಲಿ.

ನಾನು ಅಭಿವೃದ್ಧಿಯ ವಿರೋಧಿಯಲ್ಲ. ಮಳೆಗಾಲದಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಘಟ್ಟ ಇಳಿಸಿ ಆಸ್ಪತ್ರೆಗೆ ಸೇರಿಸುವುದು ಎಷ್ಟು ಕಷ್ಟ ಅಂತ ಇಲ್ಲಿರುವ ನಮಗೆ ಗೊತ್ತು. ನಮಗೂ ರಸ್ತೆ ಬೇಕು, ಕರೆಂಟು ಬೇಕು. ಕೇಳುತ್ತಿರುವುದು ಇಷ್ಟೇ. ಕೊಡುವ ಮೊದಲು ಏನು ಕೊಡುತ್ತಿದ್ದೇವೆ ಅಂತ ಪೂರ್ತಿ ನೋಡಿ ಕೊಡಿ. ನೋಡಿದರೆ ಎಷ್ಟೋ ಸಲ ಸಣ್ಣ ಬದಲಾವಣೆ ಸಾಕಾಗುತ್ತದೆ. ರಸ್ತೆ ಅಗಲ ಮಾಡುವಾಗ ದರೆ ಕಡಿದ ಮಣ್ಣನ್ನು ಹಳ್ಳದ ಕಡೆಗೆ ಸುರಿಯುತ್ತಾರೆ. ಅದೇ ಮಣ್ಣನ್ನು ಬೇರೆ ಕಡೆ ಸಾಗಿಸಿದರೆ ಕೆಳಗಿನ ಒಂದು ಇಡೀ ದಂಡೆ ಉಳಿಯುತ್ತದೆ. ವಿದ್ಯುತ್ ಕಂಬದ ಸಾಲು ಹಳ್ಳದ ಗುಂಟ ಹೋಗುವ ಬದಲು ಇರುವ ರಸ್ತೆಯ ಗುಂಟ ಹೋಗಬಹುದು. ಮಣ್ಣಿನಡಿ ಏನಿದೆ ಅಂತ ಗೊತ್ತಿದ್ದರೆ ತಾನೇ ಈ ಮಾತು ಎತ್ತಲು ಸಾಧ್ಯ?

ಹಾಗಾಗಿ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ. ಪಶ್ಚಿಮ ಘಟ್ಟದ ಜಿಲ್ಲೆಗಳಲ್ಲಿ ಕಾಡು ಕೇಳುವ ಯಾವುದೇ ಯೋಜನೆಯಿರಲಿ, ನೆಲದ ಗಿಡಗಳ ಸಮೀಕ್ಷೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಮ್ಮೆ ಆಗಲೇಬೇಕು. ಬೇಸಿಗೆಯ ವರದಿಯನ್ನೇ ಹಿಡಿದು ಬಂದವರನ್ನು ಮಳೆಗಾಲ ಮುಗಿಯುವವರೆಗೆ ಕಾಯಿಸಿ. ಕೇಂದ್ರದ ಮಾದರಿ ನಿಬಂಧನೆ ಬದಲಾಗುವವರೆಗೆ ಕಾಯಬೇಕಿಲ್ಲ. ಯೋಜನೆಯೊಂದಕ್ಕೆ ಹೆಚ್ಚಿನ ಷರತ್ತು ಹಾಕುವ ಅಧಿಕಾರ ಅನುಮತಿ ಕೊಡುವ ಸಮಿತಿಗಳಿಗೆ ಈಗಲೂ ಇದೆ. ವರದಿಯಲ್ಲಿ 'ಪೊದೆ, ಹುಲ್ಲು, ಇತರೆ ಗಿಡಗಳು' ಅಂತ ಒಂದು ಸಾಲು ಬರೆದು ಮುಗಿಸಿದರೆ ವಾಪಸ್ ಕಳಿಸಿ. ಗಿಡದ ಹೆಸರು, ಸಿಕ್ಕ ಜಾಗ, ಹೂವಿನ ಫೋಟೋ ಕೇಳಿ.

ಮಳೆಯಲ್ಲಿ, ಇಂಬಳದ (ಜಿಗಣೆಯ) ನಡುವೆ ಹೊರಗಿನವರು ಬಂದು ಸಮೀಕ್ಷೆ ಮಾಡುವುದು ಕಷ್ಟ ಅನ್ನುವ ಉತ್ತರ ಬರಬಹುದು. ನಿಜ, ಕಷ್ಟವೇ. ಆದರೆ ಇಲಾಖೆಯ ವಾಚರ್‌ಗಳು, ಗಾರ್ಡ್‌ಗಳು ಆ ಮಳೆಯಲ್ಲೂ ದಿನವೂ ಬೀಟ್ ತಿರುಗುತ್ತಾರೆ. ಬಹಳ ಮಂದಿ ಇದೇ ಊರುಗಳ ಹುಡುಗರು. ಅವರಿಗೆ ಎರಡು ದಿನದ ತರಬೇತಿ ಮತ್ತು ಫೋಟೋ ಇರುವ ಒಂದು ಕೈಪಿಡಿ ಕೊಡಿ. ಹೂ ಬಿಟ್ಟಾಗ ಮೊಬೈಲಿನಲ್ಲಿ ತೆಗೆದು, ಜಾಗ ಗುರುತು ಹಾಕಿ ಕಳಿಸಲಿ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಬಳಿ ಯಾವ ಕನ್ಸಲ್ಟೆಂಟ್ ಬಳಿಯೂ ಇಲ್ಲದ ನಕ್ಷೆ ಇರುತ್ತದೆ.

ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂತು. ಅದರಂತೆ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರದ್ದೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಒಮ್ಮೆ ಬರೆದು ಬೀರುವಿನಲ್ಲಿಟ್ಟ ದಾಖಲೆಯನ್ನು ಮಳೆಗಾಲದಲ್ಲಿ ಮತ್ತೆ ತೆರೆಸಿ. ನಾಟಿವೈದ್ಯರು, ಸೊಪ್ಪಿಗೆ ಹೋಗುವ ಹೆಂಗಸರು, ದನ ಕಾಯುವವರು, ಇವರ ಜೊತೆ ಒಂದು ದಿನ ನಡೆದರೆ ಪುಟ ತುಂಬುತ್ತದೆ. ಔಷಧಿ ಗಿಡಗಳಿಗಾಗಿ ಆಗುಂಬೆ, ದೇವಿಮನೆ, ಸುಬ್ರಹ್ಮಣ್ಯದಂಥ ಕಡೆ ಕಾಡಿನ ತುಂಡುಗಳನ್ನು ಗುರುತಿಸಿ ಕಾಯ್ದ ಅನುಭವ 1990ರ ದಶಕದಿಂದಲೇ ಇಲಾಖೆಗಿದೆ. ಶುಂಠಿ, ಏಲಕ್ಕಿ, ಅರಿಶಿನದ ಕಾಡು ಬಂಧುಗಳಿಗೂ ಅಂಥದ್ದೇ ಜಾಗಗಳನ್ನು ಗುರುತಿಸಲು ಹೊಸ ಕಾಯ್ದೆಯೇನೂ ಬೇಡ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಕೊಡಗಿನ ಅಪ್ಪಂಗಳದಲ್ಲೇ ಇದೆ. ಅವರನ್ನು ಜೊತೆಗೆ ಕರೆದುಕೊಳ್ಳಿ. ಬೆಳೆಗಾರರಾದ ನಾವೂ ಬರುತ್ತೇವೆ.

ಕೊನೆಯದಾಗಿ, ಸಹಜ ಕಾಡಿನಲ್ಲಿ ಕೆಳಗಿನ ಗಿಡಗಳನ್ನೆಲ್ಲ ಸವರಿ ಸಸಿ ನೆಡುವ ಕೆಲಸ ಎಲ್ಲೇ ನಡೆಯುತ್ತಿದ್ದರೂ ನಿಲ್ಲಿಸಿ. ಮರಕ್ಕೆ ಒಳ್ಳೆಯದು ಮಾಡಲು ಹೋಗಿ ನೆಲವನ್ನು ಬೋಳು ಮಾಡುವುದು ಬೇಡ.

ಈ ಪತ್ರಕ್ಕೆ ಉತ್ತರವಾಗಿ ಭರವಸೆಯ ಮಾತು ಬೇಡ, ಒಂದು ಸುತ್ತೋಲೆ ಸಾಕು. ಮುಂದಿನ ಮುಂಗಾರಿಗೆ ಮೊದಲೇ ಅದು ಹೊರಟರೆ ಆ ವರ್ಷದ ಹೂವಿನ ಕಾಲಕ್ಕೆ ಸಮೀಕ್ಷೆ ಶುರು ಮಾಡಬಹುದು. ತಡವಾದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಇನ್ನೂ ಒಂದಿಷ್ಟು ಬೇಸಿಗೆಯ ವರದಿಗಳು ನಿಮ್ಮ ಮೇಜಿಗೆ ಬಂದಿರುತ್ತವೆ.

ಇಂತಿ,
ಮಲೆನಾಡಿನ ಒಬ್ಬ ಶುಂಠಿ ಬೆಳೆಗಾರ